ಹುಲೆಪ್ಪ ಕೇಳಿದ ಅರ್ಥ

ಇಂಗ್ಲಿಷಿನ ತಂಟೆಗೇ ಹೋಗದ ಹುಲೆಪ್ಪ ಒಂದು ಸಂಜೆ, ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಮಗಳನ್ನು ಕೇಳಿದ.

"ಪಲ್ಲವಿ, 'ಸಾರಿ' ಅಂತಾರಲ್ಲ, ಹಂಗಂದ್ರ ಏನ್ ಬೇ?"

ಪಲ್ಲವಿಗೆ ನಗು ತಡೆಯಲಾಗಲಿಲ್ಲ. ಅವಳು ಅಫಜಲಪುರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ದಿನ ಬೆಳಗಾದರೆ ಆ ಶಬ್ದ ಅವಳ ಕಿವಿಯ ಮೇಲೆ ಬೀಳುತ್ತಲೇ ಇರುತ್ತಿತ್ತು. ತಡವಾಗಿ ಬಂದ ಹುಡುಗರು ಬಾಗಿಲಲ್ಲಿ ನಿಂತು ಅದನ್ನೇ ಅನ್ನುತ್ತಿದ್ದರು, ಬಸ್ಸಿನಲ್ಲಿ ಮೊಣಕೈ ತಿವಿದವರೂ ಅದನ್ನೇ ಅನ್ನುತ್ತಿದ್ದರು, ರಾಂಗ್ ನಂಬರಿಗೆ ಫೋನು ಹಚ್ಚಿದವರೂ ಅದನ್ನೇ ಅಂದು ಇಟ್ಟುಬಿಡುತ್ತಿದ್ದರು.

"ಕ್ಷಮಿಸಿ ಅಂತಪ್ಪಾ. ತಪ್ಪಾತು ಅಂತ."

"ಅಷ್ಟು ಊರಿಗೆಲ್ಲಾ ಗೊತ್ತದ. ಕುರಿ ಕಾಯೂ ಹುಡುಗ್ರೂ ಅಂತಾವು. ನಾ ಕೇಳಿದ್ದು ಅದರ ಬುಡ. ಎಲ್ಲಿಂದ ಬಂತು? ಮೊದಲ ಅಂದಾವ್ರು ಏನಂತ ತಿಳಕೊಂಡು ಅಂದ್ರು?"

"ಈಗ್ಯಾಕ ಬೇಕಾತಪ್ಪಾ ಅದು?"

"ಕೇಳಿದ್ದಕ್ಕ ಹೇಳು. ಇಷ್ಟು ಓದೀದಿ, ಒಂದು ಶಬ್ದದ ಬುಡ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ಹೇಳಿಕೊಡುವ ಒಂದು ಸಾಲಿನಾಚೆ ಏನೂ ಗೊತ್ತಿಲ್ಲ ಎನ್ನುವುದು ಎಂ.ಎ. ಮಾಡಿದವಳಿಗೆ ಚುರ್ ಎಂದಿತು. ಒಲೆಯ ಮುಂದಿನಿಂದ ತಾಯಿ ಸಾಬವ್ವ ಬಾಯಿ ಹಾಕಿದಳು.

"ಹಸ್ತದ ಮಳಿ ಬಿದ್ದು ಹೊಲ ಹದಕ್ಕ ಬಂದು ಕುಂತದ. ಎತ್ತು ಕೊಟ್ಟಿಗ್ಯಾಗ ಮೆಲುಕು ಹಾಕ್ಕೋತ ನಿಂತದ. ಈ ಮನಷ್ಯಾ ಈಗ ಇಂಗ್ಲಿಷ್ ಕಲಿಯಾಕತ್ಯಾನ!"

ಸಾಬವ್ವನ ಸಿಟ್ಟಿಗೆ ಕಾರಣವಿತ್ತು. ಹುಲೆಪ್ಪನ ಮನೆಯಲ್ಲಿ ಇರುವುದು ಒಂದೇ ಎತ್ತು. ಪಕ್ಕದ ಹೊಲದ ನಾಗಣ್ಣನ ಮನೆಯಲ್ಲಿ ಇನ್ನೊಂದು. ಎರಡನ್ನೂ ಒಂದು ನೊಗಕ್ಕೆ ಹೂಡಿ, ಒಂದು ವರ್ಷ ಮೊದಲು ಇವನ ಹೊಲ, ಮರುವರ್ಷ ಮೊದಲು ಅವನ ಹೊಲ ಎಂದು ಜೋಳ ಬಿತ್ತುವುದು ಇಬ್ಬರೂ ಮೀಸೆ ಚಿಗುರಿದ ಕಾಲದಿಂದ ನಡೆಸಿಕೊಂಡು ಬಂದ ಪದ್ಧತಿ. ನಾಗಣ್ಣ ಲಿಂಗವಂತರವ, ಊರಾಚೆಯ ಕೇರಿಯಲ್ಲಿ ಹುಲೆಪ್ಪನ ಮನೆಯ ಗೋಡೆಯ ಮೇಲೆ ಬುದ್ಧನ ಪಟ. ಊರಿನ ಮಂದಿ ಇದನ್ನು ನೋಡಿ ಮೊದಮೊದಲು ಮೂಗು ಮುರಿದರು, ಆಮೇಲೆ ರೂಢಿಯಾಗಿ ಬಿಟ್ಟುಬಿಟ್ಟರು. ಟ್ರ್ಯಾಕ್ಟರುಗಳು ಊರೆಲ್ಲ ಗುಡುಗಾಡುವ ಕಾಲದಲ್ಲೂ ಜೋಳ ಬಿತ್ತಲು ಎತ್ತಿನ ಕೂರಿಗೆಯೇ ಆಗಬೇಕೆಂದು ಹಟ ಹಿಡಿದ ಇಬ್ಬರೇ ಇಬ್ಬರು ಗಟ್ಟಿ ತಲೆಯವರು ಅವರು.

ಈ ವರ್ಷ ಹದ ಬಂದರೂ ಹುಲೆಪ್ಪ ಎತ್ತು ಬಿಚ್ಚಲಿಲ್ಲ. ನಾಗಣ್ಣನ ಹೆಸರೆತ್ತಿದರೆ ಮಾತು ಬೇರೆ ಕಡೆ ತಿರುಗಿಸುತ್ತಿದ್ದ. ಜಗಳ ಆಯಿತೇ ಎಂದರೆ ಇಲ್ಲ. ಹಾಗಾದರೆ ಏನಾಯಿತು ಎಂದರೆ ಏನೂ ಆಗಿಲ್ಲ. ಸಂತೆಗೆ ಹೋಗಿ ಬೇರೆ ಯಾರದಾದರೂ ಎತ್ತು ಮಾತಾಡಿಕೊಂಡು ಬರುತ್ತೇನೆ ಎಂದು ನಿನ್ನೆಯಿಂದ ಹೊಸ ರಾಗ ತೆಗೆದಿದ್ದ. ಪಲ್ಲವಿಗೆ ಭಯವಾದದ್ದು ಆ ಮಾತಿಗೆ. ಒಮ್ಮೆ ಬೇರೆಯವರ ಎತ್ತು ಬಂದು ಆ ನೊಗಕ್ಕೆ ನಿಂತಿತೆಂದರೆ ಎರಡು ಮನೆಗಳು ಮತ್ತೆ ಕೂಡುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಗಣ್ಣ ಕಾಕಾನ ಹೆಗಲ ಮೇಲೆ ಕೂತು ಸುಟ್ಟ ಎಳೆಜೋಳದ ಸೀತನಿ ತಿಂದು ಬೆಳೆದವಳು ಅವಳು.

ಮರುದಿನ ಕಾಲೇಜಿನ ಲೈಬ್ರರಿಯಲ್ಲಿ ದಪ್ಪ ಡಿಕ್ಷನರಿ ಇಳಿಸಿದಳು. ಧೂಳು ಹೊಡೆದು, ಪುಟ ತಿರುವಿ, ಆ ಶಬ್ದದ ಮೇಲೆ ಬೆರಳಿಟ್ಟಳು. ಎರಡು ಸಾಲು ಓದುವಷ್ಟರಲ್ಲಿ ಕಿವಿ ಬಿಸಿಯಾಯಿತು. 'ಸಾರೋ' ಅಂದರೆ ದುಃಖ, ಅದರ ಮಗಳೇ 'ಸಾರಿ' ಎಂದು ಹೋದ ವರ್ಷವಷ್ಟೇ ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿಕೊಟ್ಟಿದ್ದಳು. ಅವೆರಡಕ್ಕೂ ರಕ್ತಸಂಬಂಧವೇ ಇಲ್ಲ ಎಂದಷ್ಟೇ ಹೇಳಿ ಡಿಕ್ಷನರಿ ಮುಗಿಸಿತ್ತು. ಅರವತ್ತು ಹುಡುಗರ ತಲೆಯಲ್ಲಿ ತಪ್ಪು ತುಂಬಿದ್ದೆನಲ್ಲ ಎಂದು ಹಣೆ ಒತ್ತಿಕೊಂಡಳು. ಆದರೆ ಅದರ ಜೊತೆಗೇ ಒಳಗೆ ಒಂದು ತುರಿಕೆ ಶುರುವಾಯಿತು. ಹಾಗಾದರೆ ಇದು ಯಾರ ಮನೆಯ ಕೂಸು? ಅಪ್ಪ ತನ್ನ ಹಟಕ್ಕೆ ಕೇಳಿದ್ದನ್ನು ಈಗ ಅವಳು ತನಗಾಗಿಯೇ ಹುಡುಕತೊಡಗಿದಳು.

ಭಾನುವಾರ ಆಳಂದಕ್ಕೆ ಒಂದು ಬಸ್ಸು, ಅಲ್ಲಿಂದ ಮಾದನಹಿಪ್ಪರಗಾಕ್ಕೆ ಇನ್ನೊಂದು ಬಸ್ಸು ಹಿಡಿದು, ಹೈಸ್ಕೂಲಿನಲ್ಲಿ ತನಗೆ ಇಂಗ್ಲಿಷ್ ಕಲಿಸಿದ್ದ ಗೌಸಮೊಹಿದ್ದೀನ ಸರ್ ಮನೆಗೆ ಹೋದಳು. ನಿವೃತ್ತಿಯಾದ ಮೇಲೆ ಸರ್ ಊರಲ್ಲೇ ಇದ್ದರು. ಕೆಲವರು ಕೋಳಿ ಸಾಕುತ್ತಾರೆ, ಸರ್ ಶಬ್ದ ಸಾಕಿದ್ದರು. ಬಂದವಳನ್ನು ಕೂಡಿಸಿ ನೀರು ಕೊಡುವ ಮೊದಲೇ "ಯಾವ ಶಬ್ದ?" ಎಂದು ಕೇಳಿದರು.

"ಸಾರಿ, ಸರ್."

"ತಪ್ಪೇನ್ ಮಾಡೀದಿ?"

"ಶಬ್ದಾನೇ ಅದು ಸರ್. ಅಪ್ಪ ಅದರ ಬುಡ ಕೇಳಾಕತ್ಯಾನ."

ಸರ್ ಕಣ್ಣು ಹೊಳೆದವು. ಲುಂಗಿ ಸರಿಮಾಡಿಕೊಂಡು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅವರ ಹೆಂಡತಿ ಪ್ಯಾರಿಬಿ ಚಹಾ ತಂದಿಟ್ಟು, ಇನ್ನು ಈ ಹುಡುಗಿ ಸಂಜೆ ಬಸ್ಸಿಗೂ ಏಳುವುದಿಲ್ಲ ಎಂಬಂತೆ ನಕ್ಕು ಒಳಗೆ ಹೋದಳು.

"ಗಂಟಲು ಕೆಟ್ಟಾಗ ಏನಂತೀವಿ? ಸೋರ್ ಥ್ರೋಟ್. ಸೋರ್ ಅಂದ್ರ ಹುಣ್ಣು, ಗಾಯ, ನೋವು. ಆ ಸೋರ್ ಅನ್ನೂದೇ ಇದರ ಅವ್ವ. ಸಾವಿರ ವರ್ಷದ ಹಿಂದ ಇದಕ್ಕ 'ಸಾರಿಗ್' ಅಂತಿದ್ರು. ನಮ್ಮ ಸಾರಿಗಿ ಬಸ್ಸಿಗೂ ಇದಕ್ಕೂ ಸಂಬಂಧ ಇಲ್ಲ, ಮತ್ತ ಹುಡುಗ್ರಿಗಿ ಹಂಗ ಹೇಳಿಬಿಟ್ಟಿ! ಸಾರಿಗ್ ಅಂದ್ರ ನೋವು ತುಂಬಿದಾವ."

"ಮತ್ತ ಸಾರೋ?"

"ಅದು ಬ್ಯಾರೆ ಮನೆತನ. ಹೆಸರು ಒಂದೇ ನಮೂನಿ ಕೇಳಸ್ತದ ಅಂತ ಮಂದಿ ಇಬ್ಬರನ್ನೂ ಬಂಧು-ಬಳಗ ಮಾಡಿಬಿಟ್ರು. ಮುಂದ ಒಂದರ ನೆರಳು ಇನ್ನೊಂದರ ಮ್ಯಾಲ ಬಿತ್ತು ಅನ್ನು. ಜರ್ಮನಿಯಾಗ ಈ ಸೋರ್‌ಗೆ ಒಬ್ಬ ಅಣ್ತಮ್ಮ ಅದಾನ. ಅವನ ಅರ್ಥ ಬರಬರತ್ತ 'ಭಾಳ' ಅಂತ ಆಗ್ಯದ. ಮೊದಲ 'ನೋವಾಗೂವಷ್ಟು' ಅಂತ ಇತ್ತು, ಆಮ್ಯಾಲ ನೋವು ಸವದು ಹೋಗಿ 'ಅಷ್ಟು' ಮಾತ್ರ ಉಳೀತು."

ಪಲ್ಲವಿ ಚಹಾ ಮರೆತಿದ್ದಳು. "ಅಂದ್ರ ಸರ್, ಸಾರಿ ಅಂತ ಅನ್ನೂದು ಕ್ಷಮಾ ಕೇಳೂದೇ ಅಲ್ಲೇನು?"

"ಬುಡದಾಗ ಅಲ್ಲ. ಅದು ಏನೂ ಕೇಳೂದಿಲ್ಲ. 'ನನಗ ನೋವಾಗ್ಯದ' ಅಂತ ಹೇಳ್ತದ, ಅಷ್ಟೇ. ಒಂಟಿಯಾಗಿ ಬರೇ ಸಾರಿ ಅಂದು ಮುಂದ ಹೋಗೂ ಚಾಳಿ ಇತ್ತೀಚಿನದು. ನಮ್ಮವ್ವ ಉರ್ದುವಿನ್ಯಾಗ ಮಾಫ್ ಕರೋ ಅಂತಿದ್ಲು. ಅದು ಅರಬ್ಬಿಯಿಂದ ಬಂದದ್ದು. ಉಸುಕಿನ ಮ್ಯಾಲಿನ ಹೆಜ್ಜಿ ಗಾಳಿಗೆ ಅಳಿಸಿ ಹೋಗ್ತದಲ್ಲ, ಆ ಅಳಿಸೂದು ಅದರ ಬುಡದಾಗ ಅದ. ನಿಮ್ಮ ಮನಿಯಾಗ ಹಿರ್ಯಾರು ಏನಂತಿದ್ರು?"

ಪಲ್ಲವಿ ನೆನಪು ಮಾಡಿಕೊಂಡಳು. "ನಮ್ಮಾಯಿ 'ಹೊಟ್ಟ್ಯಾಗ ಹಾಕ್ಕೋರಿ' ಅಂತಿದ್ಲು ಸರ್."

"ನೋಡು! ಇಂಗ್ಲಿಷಿನವ ತನ್ನ ಗಾಯ ತೋರಸ್ತಾನ. ನಾವು ನಮ್ಮ ತಪ್ಪು ಎದುರಿನವನ ಹೊಟ್ಟಿಗೆ ಹಾಕ್ತೀವಿ. ಅವನೇ ಅರಗಿಸ್ಕೋಬೇಕು." ನಗುತ್ತಿದ್ದ ಸರ್ ತಟ್ಟನೆ ನಗು ನಿಲ್ಲಿಸಿದರು. ಅವಳ ಮುಖ ನೋಡಿ ದನಿ ತಗ್ಗಿಸಿದರು. "ಪಲ್ಲವಿ, ನಿಮ್ಮಪ್ಪಗ ಈ ಬುಡ ಯಾಕ ಬೇಕಾಗ್ಯದ? ಯಾರು ಅಂದ್ರು ಅವರಿಗೆ ಸಾರಿ ಅಂತ? ಅದನ್ನ ಮೊದಲ ಕೇಳು."

ಅಲ್ಲಿಯವರೆಗೆ ಅವಳಿಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಶಬ್ದದ ಬೆನ್ನು ಹತ್ತಿದವಳು ಅಪ್ಪನನ್ನೇ ಮರೆತಿದ್ದಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬಿತ್ತನೆ ನಡೆದಿದ್ದ ಹೊಲಗಳು ಕಂಡವು. ತಮ್ಮ ಹೊಲದ ಹದ ಮಾತ್ರ ಸುಮ್ಮನೆ ಆರುತ್ತಿತ್ತು.

ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು ನೇರ ಯಾಕೂಬಸಾಬನ ಚಹಾದಂಗಡಿಗೆ ಹೋದಳು. ಅಪ್ಪ ಸಂತೆಯ ದಿನ ಬಸ್ಸಿಗೆ ಕಾಯುತ್ತ ಕೂಡುವುದು ಆ ಅಂಗಡಿಯ ಮುಂದಿನ ಬೆಂಚಿನ ಮೇಲೆಯೇ. ಊರಲ್ಲಿ ಯಾರು ಯಾರಿಗೆ ಏನಂದರು ಎನ್ನುವುದು ಯಾಕೂಬಸಾಬನಿಗೆ ಗೊತ್ತಿಲ್ಲದಿದ್ದರೆ ಅದು ನಡೆದೇ ಇಲ್ಲ ಎಂದು ತಿಳಿಯಬೇಕು.

"ಕಾಕಾ, ನಮ್ಮಪ್ಪಗ ಯಾರರ ಸಾರಿ ಅಂದ್ರೇನ್ರಿ?"

ಯಾಕೂಬಸಾಬ ಚಹಾ ಸೋಸುತ್ತಲೇ ನಕ್ಕ. "ಅದನ್ನ ಯಾಕ್ ಕೇಳ್ತಿ ಅವ್ವಾ? ನಾಗಣ್ಣ ಅಂದ. ಹ್ವಾದ ಸಂತಿ ದಿನ. ಅವನ ಮಗ ಶಿವಪ್ರಕಾಶಗ ಇಜೇರಿ ಊರಿನ ಹೆಣ್ಣು ನೋಡ್ಯಾರಲ್ಲ, ಆ ಬೀಗರು ಬಸ್ ಇಳದ್ರು. ನಾಗಣ್ಣ ಗಡಿಬಿಡಿಲೆ ಓಡಿ ಬಂದ. ನಿಮ್ಮಪ್ಪಾರು ಇಲ್ಲೇ ಕುಂತಿದ್ರು. ಅವನ ಚಪ್ಪಲಿ ಕಾಲು ಇವರ ಕಾಲಿಗೆ ಬಡೀತು. ಸಾರಿ ಸಾರಿ ಅಂದ, ಬೀಗರ ಕೈ ಹಿಡಕೊಂಡು ಹ್ವಾದ. ಇಷ್ಟೇ. ಇದ್ರಾಗ ಸಿಟ್ಟಿಗೇಳೂದು ಏನದ? ಸಾರಿ ಅಂದಾನಲ್ಲ!"

ಪಲ್ಲವಿಗೂ ಮೊದಲು ಹಾಗೇ ಅನ್ನಿಸಿತು. ನಾಲ್ಕು ಹೆಜ್ಜೆ ಮನೆಯ ಕಡೆ ನಡೆದಳು. ಆಮೇಲೆ ನಿಂತಳು.

ನಮ್ಮ ಕಡೆ ಕಾಲು ತಾಗುವುದೆಂದರೆ ಸಣ್ಣ ವಿಷಯವಲ್ಲ. ಯಾರಿಗಾದರೂ ಕಾಲು ತಾಗಿದರೆ ಬಗ್ಗಿ, ಅವರನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಅದಕ್ಕೆ ಮಾತೇ ಬೇಡ. ನಡೆಯಲು ಕಲಿತ ಕೂಸಿಗೂ ಇದು ಗೊತ್ತು, ಕುಡಿದು ತೂರಾಡುವವನಿಗೂ ಗೊತ್ತು. ಹೊಲದಲ್ಲಿ ಕೂರಿಗೆಯ ಹಿಂದೆ ಮುಂದೆ ಓಡಾಡುವಾಗ ಅಪ್ಪ ಮತ್ತು ನಾಗಣ್ಣ ಕಾಕಾ ದಿನಕ್ಕೆ ಹತ್ತಾರು ಸಲ ಹೀಗೆ ಒಬ್ಬರನ್ನೊಬ್ಬರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ಅವಳೇ ನೋಡಿದ್ದಳು. ಮುಟ್ಟುತ್ತ ಮಾತು ಮುಂದುವರಿಸುತ್ತಿದ್ದರು. ಸಾರಿ ಎಂದು ಅಂದದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

ಅಪ್ಪ ಕೊಟ್ಟಿಗೆಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ. ಪಲ್ಲವಿ ಸರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಹುಲೆಪ್ಪ ಕೈ ನಿಲ್ಲಿಸದೆ ಕೇಳಿದ. ಗಾಯ ಎಂಬಲ್ಲಿಗೆ ಬಂದಾಗ ಮಾತ್ರ ತಿರುಗಿದ.

"ಗಾಯ ಯಾರದು? ತುಳಿಸ್ಕೊಂಡಾವಂದೋ ತುಳದಾವಂದೋ?"

"ತುಳದಾವಂದಪ್ಪಾ. ಅಂದಾವ್ರ ಒಳಗಿನ ನೋವು."

"ಹಂಗಿದ್ರ ಭಾಳ ಛಲೋ ಶಬ್ದ ಅದು," ಎಂದ ಹುಲೆಪ್ಪ. "ನಾಗಣ್ಣಗ ನೋವಾಗಿದ್ದಿಲ್ಲ ಬೇ. ಅವನ ಮಾರಿ ನಾ ನೋಡೀನಿ. ಅವನಿಗೆ ಅಂಜಿಕಿ ಆಗಿತ್ತು."

ಆಮೇಲೆ ಎತ್ತಿನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು, ಮಗಳ ಮುಖ ನೋಡದೆ ಹೇಳಿದ. ಕಾಲು ತಾಗಿದೊಡನೆ ನಾಗಣ್ಣನ ಕೈ ರೂಢಿಯಂತೆ ತಾನೇ ಕೆಳಗೆ ಬಂದಿತ್ತು. ಇನ್ನೇನು ಮೊಣಕಾಲು ಮುಟ್ಟಬೇಕು, ಬೀಗರ ಕಣ್ಣು ಇತ್ತ ತಿರುಗಿತು. ಕೈ ಅಲ್ಲೇ ನಿಂತಿತು. ಹಿಂದಕ್ಕೆ ಹೋಯಿತು. ಬಾಯಿಂದ ಸಾರಿ ಬಂತು.

"ಜ್ವಾಳದ ಚೀಲಕ್ಕ ಕಾಲು ತಾಗಿದ್ರ ಮುಟ್ಟಿ ಕಣ್ಣಿಗೆ ಒತ್ಕೋತಾನ. ಕಸಬರಿಗಿಗಿ ತಾಗಿದ್ರೂ ಒತ್ಕೋತಾನ. ನಾ ಕಸಬರಿಗಿಗಿಂತ ಕಡಿಮ್ಯಾದೆ ಅವತ್ತು. ಊರ ಮಂದಿದು ಎಷ್ಟೋ ಹೊಟ್ಟ್ಯಾಗ ಹಾಕ್ಕೊಂಡೇನಿ, ನಮ್ಮಪ್ಪನೂ ಹಾಕ್ಕೊಂಡಾನ. ಅವ್ರ ಮ್ಯಾಲ ನನಗ ಆಸೆನೇ ಇದ್ದಿಲ್ಲ. ಇವನದು ಇಳೀವಲ್ದು. ಅದಕ್ಕ ಕೇಳಿದೆ. ಮುಟ್ಟೂದಕ್ಕಿಂತ ದೊಡ್ಡದು ಏನರ ಆ ಶಬ್ದದಾಗ ಇರಬೌದು, ನನಗ ಓದು ಬರೂದಿಲ್ಲ ಅಂತ ಗೊತ್ತಿಲ್ಲೇನೋ ಅಂತ."

ಪಲ್ಲವಿಗೆ ಅಳು ಬಂತು. ಸ್ನೇಹಿತನನ್ನು ಉಳಿಸಿಕೊಳ್ಳಲು ಈ ಮನುಷ್ಯ ಡಿಕ್ಷನರಿಯಲ್ಲಿ ಜಾಗ ಹುಡುಕುತ್ತಿದ್ದನಲ್ಲ ಎಂದು ಅನ್ನಿಸಿ, ಎತ್ತಿನ ಆ ಕಡೆಗೆ ಹೋಗಿ ಕಣ್ಣೊರೆಸಿಕೊಂಡಳು.

ಮರುದಿನ ಕಾಲೇಜು ಮುಗಿಸಿ ಬಂದವಳೇ ನಾಗಣ್ಣನ ಮನೆಗೆ ಹೋದಳು. ಆ ಮನೆಯ ಪಡಸಾಲೆಯವರೆಗೆ ಚಿಕ್ಕಂದಿನಿಂದ ಓಡಾಡಿದವಳು ಅವಳು. ಅದರಾಚೆ ಬರಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ. ನಾಗಣ್ಣ ಕಂಬಕ್ಕೆ ಒರಗಿ ಕೂತಿದ್ದ. ಅವಳನ್ನು ನೋಡಿದ್ದೇ ತಡ, ಕೇಳದಿದ್ದರೂ ಜವಾಬು ಶುರುಮಾಡಿದ.

"ನಿಮ್ಮಪ್ಪ ಮಾರಿ ತಿರುವ್ಯಾನ. ಹದ ಹೊಂಟದ. ನಾ ಏನ್ ಮಾಡೀನಿ? ಕಾಲು ತಾಗ್ತು, ಸಾರಿ ಅಂದೀನಿ. ಅದೂ ಇಂಗ್ಲಿಷಿನ್ಯಾಗ, ದೊಡ್ಡ ಮಂದಿಗಿ ಅಂದಂಗ!"

"ಅಪ್ಪ ಅದರ ಅರ್ಥ ಕೇಳಿದ್ದ ಕಾಕಾ. ಹುಡುಕಿ ಹೇಳೀನಿ."

"ಏನಂತ?"

"ನನಗ ಗಾಯ ಆಗ್ಯದ ಅಂತ್ರಿ. ಅಂದಾವ್ರಿಗೆ ನೋವಾದ್ರ ಮಾತ್ರ ಅನ್ನೂ ಶಬ್ದ ಅದು."

ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ ಗೌರಾಬಾಯಿ ಬಂದಳು. ಆ ಹೆಂಗಸಿನ ನಾಲಿಗೆಗೆ ಊರಿನ ಪಂಚಾಯ್ತಿಯೇ ಹೆದರುತ್ತಿತ್ತು.

"ಕಾಲು ತಾಗಿತ್ತು ಅಂದ್ರಲ್ಲ, ಮುಟ್ಟಿ ಕಣ್ಣಿಗೆ ಒತ್ಕೊಂಡ್ರಿಲ್ಲೋ?"

ನಾಗಣ್ಣ ಕಂಬ ನೋಡಿದ.

"ಒತ್ಕೊಂಡಿಲ್ಲ," ಎಂದು ಗೌರಾಬಾಯಿ ತಾನೇ ಉತ್ತರ ಹೇಳಿಕೊಂಡಳು. "ಬೀಗರು ನೋಡಾಕತ್ತಿದ್ರು ಅಂತ ಒತ್ಕೊಂಡಿಲ್ಲ. ಕೊರಳಾಗ ಲಿಂಗ ಕಟ್ಕೊಂಡು, ಮನುಷ್ಯಾನ ಮುಟ್ಟಾಕ ಕೈ ಹಿಂದಕ್ಕ ತಗೊಂಡ್ರಿ. ನಾಚಿಕಿ ಬರೂದಿಲ್ಲೇನ್ ನಿಮಗ?"

"ಏ, ನಿನಗ ತಿಳಿಯೂದಿಲ್ಲ ಸುಮ್ನಿರು. ಇಜೇರಿ ಮಂದಿ ಭಾಳ ಕಟ್ಟಾ. ಹುಡುಗನ ಸಂಬಂಧ ಕೈ ತಪ್ಪಿದ್ರ?" ನಾಗಣ್ಣನ ದನಿ ಮೇಲೆ ಹೋಗಿ ಅಲ್ಲೇ ಮುರಿಯಿತು. ಪಲ್ಲವಿಯ ಕಡೆ ತಿರುಗಿದ. "ಕೈ ಹ್ವಾಗಿತ್ತು ಬೇ. ಖರೇ ಹೇಳ್ತೇನಿ, ತಾನೇ ಹ್ವಾಗಿತ್ತು. ಯಾಕ ನಿಲ್ಲಿಸ್ಕೊಂಡ್ನೋ. ಅವತ್ತಿಂದ ಈ ಕೈ ನೋಡಾಕ ನನಗ ಆಗವಲ್ದು."

ಪಲ್ಲವಿ ಅವನನ್ನು ಸಮಾಧಾನ ಮಾಡಲಿಲ್ಲ. ಮಾಡಬೇಕೆಂದು ಅನ್ನಿಸಿತು, ಆದರೆ ಅದು ಅವಳ ಕೆಲಸವಲ್ಲ ಎಂದು ಸುಮ್ಮನೆ ಎದ್ದು ಬಂದಳು.

ಬೆಳಕು ಹರಿಯುವ ಹೊತ್ತಿಗೆ ನಾಗಣ್ಣ ತನ್ನ ಎತ್ತು ಹೊಡೆದುಕೊಂಡು ಹುಲೆಪ್ಪನ ಹೊಲಕ್ಕೆ ಬಂದ. ಹುಲೆಪ್ಪ ತನ್ನ ಎತ್ತನ್ನು ಮೇಯಲು ಬಿಟ್ಟು ಬದುವಿನ ಮೇಲೆ ಕೂತು, ಹಿಡಿ ಮಣ್ಣು ಅಮುಕಿ ಎಷ್ಟು ಹಸಿ ಉಳಿದಿದೆ ಎಂದು ನೋಡುತ್ತಿದ್ದ. ಬುತ್ತಿ ತಂದಿದ್ದ ಪಲ್ಲವಿ ಸ್ವಲ್ಪ ದೂರ ನಿಂತಿದ್ದಳು. ನಾಗಣ್ಣ ಎತ್ತಿನ ಹಗ್ಗ ಬಿಟ್ಟು ಹತ್ತಿರ ಬಂದ. ಏನೂ ಅನ್ನದೆ ಬಗ್ಗಿ, ಹುಲೆಪ್ಪನ ಮೊಣಕಾಲಿನತ್ತ ಕೈ ಚಾಚಿದ.

ಹುಲೆಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ.

"ಇಲ್ಲಿ ಬ್ಯಾಡ."

"ಹುಲೆಪ್ಪಾ..."

"ಇಲ್ಲಿ ಯಾರದಾರ ನೋಡಾವ್ರು? ಎರಡು ಎತ್ತು, ನನ್ನ ಮಗಳು. ಹೊಲದಾಗ ನೀ ಯಾವಾಗ್ಲೂ ಮುಟ್ಟೀದಿ, ಅದರಾಗ ಏನ್ ದೊಡ್ಡಸ್ತಿಕಿ? ಕೈ ನಿಂತಿದ್ದು ಇಲ್ಲಿ ಅಲ್ಲ." ಹುಲೆಪ್ಪ ಸಿಟ್ಟಿನಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾಗಣ್ಣನಿಗೆ ಹಗುರಾಗುತ್ತಿತ್ತೇನೋ. "ನಾಳೆ ಸಂತಿಗೆ ಹೋಗಿ ಬ್ಯಾರೆ ಎತ್ತು ಮಾತಾಡಿ ಬರ್ತೇನಿ. ನೀನೂ ನೋಡ್ಕೋ."

ನಾಗಣ್ಣ ಬಗ್ಗಿದ್ದವನು ನೆಟ್ಟಗಾದ. ಆಮೇಲೆ ಹಗ್ಗ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದ. ಹುಲೆಪ್ಪನ ಎತ್ತು ತನ್ನ ಜೋಡಿ ಹೋದ ಕಡೆ ನೋಡಿ ಒಮ್ಮೆ ಕೂಗಿತು. ಪಲ್ಲವಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣದೆ ಆ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಸಂತೆಯ ದಿನ ಬೆಳಿಗ್ಗೆ ತಂದೆ ಮಗಳು ಇಬ್ಬರೂ ಬಸ್‌ಸ್ಟ್ಯಾಂಡಿಗೆ ಬಂದರು. ಅವನು ಸಂತೆಗೆ, ಅವಳು ಕಾಲೇಜಿಗೆ, ಇಬ್ಬರಿಗೂ ಅಫಜಲಪುರದ ಬಸ್ಸೇ ಆಗಬೇಕು. ಹುಲೆಪ್ಪ ಬೆಂಚಿನ ತುದಿಗೆ ಕೂತ. ಸಂತೆಗೆ ಹೊರಟ ಮಂದಿ ಚೀಲ, ಬುಟ್ಟಿ ಇಟ್ಟುಕೊಂಡು ಸುತ್ತ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಜೇವರ್ಗಿ ಕಡೆಯ ಬಸ್ಸು ಬಂತು. ಇಜೇರಿಯ ಬೀಗರು ಇಳಿದರು. ಹಿರಿಯರೊಬ್ಬರು ಇಸ್ತ್ರಿಯ ಬಿಳಿ ಧೋತರ ಉಟ್ಟು, ಹಣೆತುಂಬ ವಿಭೂತಿ ಧರಿಸಿದ್ದರು. ಲಗ್ನದ ದಿನ ಗೊತ್ತುಮಾಡಲು ಬಂದಿದ್ದಾರೆ ಎಂದು ಯಾರೋ ಪಿಸುಗುಟ್ಟಿದರು. ನಾಗಣ್ಣ ಅವರನ್ನು ಎದುರುಗೊಂಡು ಯಾಕೂಬಸಾಬನಿಗೆ ಚಹಾ ಹೇಳಿದ. ಹುಲೆಪ್ಪ ಇದ್ದ ಕಡೆ ನೋಡಲಿಲ್ಲ.

ಪಲ್ಲವಿ ಅವನನ್ನೇ ನೋಡುತ್ತಿದ್ದಳು. ಅವನ ಬಲಗೈ ಅಂಗಿಯ ತುದಿಯನ್ನು ಹಿಡಿದು ಹಿಂಡುತ್ತಿತ್ತು. ಬೀಗರಿಗೆ ಲೋಟ ಕೊಟ್ಟ. ತನ್ನ ಲೋಟ ಮುಟ್ಟಲಿಲ್ಲ. ಮಳೆ ಹೇಗೆ, ತೊಗರಿ ಹೇಗೆ ಎಂದು ಬೀಗರು ಕೇಳಿದ್ದಕ್ಕೆ ಏನೋ ಒಂದು ಹ್ಞೂಂಗುಟ್ಟಿದ. ದೂರದಲ್ಲಿ ಅಫಜಲಪುರದ ಬಸ್ಸಿನ ಹಾರ್ನ್ ಕೇಳಿತು. ಹುಲೆಪ್ಪ ಚೀಲ ಎತ್ತಿಕೊಂಡ.

ಆಗ ನಾಗಣ್ಣ ನಡೆದು ಬಂದ. ಚಪ್ಪಲಿ ಬಿಟ್ಟ. ಅಷ್ಟು ಮಂದಿಯ ನಡುವೆ ಹುಲೆಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವನ ಮೊಣಕಾಲಿನ ಮೇಲೆ ಕೈಯಿಟ್ಟ. ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಮತ್ತೆ ಮೊಣಕಾಲಿನ ಮೇಲೆ ಇಟ್ಟ. ಈ ಸಲ ತೆಗೆಯಲಿಲ್ಲ.

ಯಾಕೂಬಸಾಬ ಚಹಾ ಸೋಸುವುದನ್ನು ನಿಲ್ಲಿಸಿದ.

"ಏನ್ರಿ ನಾಗಣ್ಣಾರ ಇದು?" ಹಿರಿಯ ಬೀಗರ ದನಿ ಮೆತ್ತಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು.

ನಾಗಣ್ಣ ತಿರುಗದೆ ಹೇಳಿದ. "ಹ್ವಾದ ಸಂತಿ ದಿನ ಇವನಿಗೆ ನನ್ನ ಕಾಲು ತಾಗಿತ್ರಿ. ಮುಟ್ಟಿ ಒತ್ಕೋಬೇಕಿತ್ತು. ನಿಮಗ ಅಂಜಿ ಬಿಟ್ಟಿದ್ದೆ. ಉಳದಿತ್ತು."

ಬೀಗರು ಅರ್ಧ ಕುಡಿದ ಲೋಟ ಬೆಂಚಿನ ಮೇಲಿಟ್ಟರು. ಎದ್ದು ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ಆ ಸಂಬಂಧ ಉಳಿಯುತ್ತದೋ ಮುರಿಯುತ್ತದೋ, ಅವರ ಬೆನ್ನು ನೋಡಿ ಹೇಳುವಂತಿರಲಿಲ್ಲ. ನಾಗಣ್ಣನಿಗೂ ಅದು ಗೊತ್ತಿತ್ತು. ಆದರೂ ಮೊಣಕಾಲಿನ ಮೇಲಿದ್ದ ಕೈಯನ್ನು ಅವನು ತೆಗೆಯಲಿಲ್ಲ.

ಹುಲೆಪ್ಪ ಆ ಕೈಯನ್ನು ನೋಡಿದ. ನಿಧಾನವಾಗಿ ಅದರ ಮೇಲೆ ತನ್ನ ಕೈಯಿಟ್ಟ.

"ನಾಗ್ಯಾ," ಎಂದ. ಆ ಹೆಸರನ್ನು ಅವನು ಹೊಲದಾಚೆ ಅಂದದ್ದೇ ಇರಲಿಲ್ಲ. ಊರೊಳಗೆ ಯಾವಾಗಲೂ ನಾಗಣ್ಣಾರ ಎನ್ನುತ್ತಿದ್ದ. "ನೋವಾಗಾಕತ್ತದೇನಲೇ?"

"ಭಾಳ," ಎಂದ ನಾಗಣ್ಣ.

ಅಫಜಲಪುರದ ಬಸ್ಸು ಬಂದು ನಿಂತಿತು. ಮಂದಿ ತಮ್ಮ ಚೀಲಗಳನ್ನು ಎತ್ತಿಕೊಂಡು, ಹಿಂದೆ ತಿರುಗಿ ತಿರುಗಿ ನೋಡುತ್ತ ಹತ್ತಿದರು. ಕಂಡಕ್ಟರ್ ಬಾಗಿಲಲ್ಲಿ ನಿಂತು ಸಂತೆಗೆ ಬರುವವರು ಇನ್ನೂ ಯಾರಿದ್ದೀರಿ ಎಂದು ಕೂಗಿದ. ಹುಲೆಪ್ಪ ಏಳಲಿಲ್ಲ. ಬಸ್ಸು ಸ್ವಲ್ಪ ಕಾದು ಹೊರಟುಹೋಯಿತು. ಪಲ್ಲವಿಯೂ ಹತ್ತಿರಲಿಲ್ಲ.